ಬೊಡ್ಡಜ್ಜನ ಹೊಟ್ಟೆ

ನಾನು ಬರೆಯುತ್ತಿರುವ ಬೊಡ್ಡಜ್ಜನ, ಅಂದರೆ ಮಧೂರು ಗಣಪತಿಯ, ಚಿತ್ರ ಇವತ್ತು ಬಹುಪಾಲು ಮುಗಿಯಿತು.

ಕಾಸರಗೋಡಿನವರಿಗೆ ಈ ಕಥೆ ಗೊತ್ತೇ ಇರುತ್ತದೆ. ಮಧೂರು ಮೂಲದಲ್ಲಿ ಶಿವನ ದೇವಸ್ಥಾನ. ಅರ್ಚಕರ ಜೊತೆ ಬಂದಿದ್ದ ಹುಡುಗನೊಬ್ಬ ಆಟವಾಡುತ್ತಾ ಗರ್ಭಗುಡಿಯ ಗೋಡೆ ಮೇಲೆ ಗಣಪತಿ ಬರೆದನಂತೆ. ಚಿತ್ರ ದಿನದಿಂದ ದಿನಕ್ಕೆ ದಪ್ಪ ಆಗುತ್ತಾ ಹೋಯಿತಂತೆ. ಹುಡುಗ ಅದನ್ನು ಬೊಡ್ಡಜ್ಜ ಅಂತ ಕರೆದ. ಈಗ ಊರಿಗೆಲ್ಲ ಮಧೂರು ಅಂದರೆ ಗಣಪತಿಯೇ, ಅಲ್ವಾ?

ನನಗೆ ದೇವರಲ್ಲಿ ನಂಬಿಕೆ ಇಲ್ಲ. ಹರಕೆ ಹೇಳುವುದಿಲ್ಲ, ಕೈ ಮುಗಿಯುವುದೂ ಇಲ್ಲ. ಆದರೆ ಈ ಕಥೆ ನನಗೆ ಪ್ರಾಣ. ಒಂದು ಮಗು ಸುಮ್ನೆ ಗೀಚಿದ್ದನ್ನು ಇಡೀ ಸೀಮೆ ಪೂಜಿಸುತ್ತದೆ! ಚಿತ್ರ ಬರೆಯುವವಳಿಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ನನ್ನ ಚಿತ್ರದಲ್ಲಿ ಬೊಡ್ಡಜ್ಜನ ಹೊಟ್ಟೆ ಕ್ಯಾನ್ವಾಸ್ ದಾಟಿ ಮರದ ಚೌಕಟ್ಟಿನವರೆಗೂ ಬಂದಿದೆ. ಹುಡುಗ ಎರಡೂ ಕೈಯಿಂದ ಅದನ್ನು ಒಳಗೆ ತಳ್ಳುತ್ತಿದ್ದಾನೆ. ಪಕ್ಕದಲ್ಲಿ ಅಪ್ಪದ ರಾಶಿ. 2025ರಲ್ಲಿ ಮಧೂರಿನ ಮೂಡಪ್ಪ ಸೇವೆಯಲ್ಲಿ ಗಣಪತಿಯನ್ನು ಅಪ್ಪದಿಂದ ಮುಚ್ಚಿದರಲ್ಲ, ಅದೇ ನೆನಪು. ಆದರೆ ಇಲ್ಲಿ ಸೊಂಡಿಲು ಮಾತ್ರ ಹೊರಗೆ ಬಂದು ಇನ್ನೊಂದು ಅಪ್ಪ ಹುಡುಕುತ್ತಿದೆ.

ಅಮ್ಮನಿಗೆ ತೋರಿಸುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ದಿನಾ ದೀಪ ಹಚ್ಚುವವರು. ಅವರನ್ನು ನೋಯಿಸುವ ನಗು ನನಗೆ ಬೇಡವೇ ಬೇಡ. ತುಂಬಾ ಹೊತ್ತು ನೋಡಿದರು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

"ಕಣ್ಣು ಸಣ್ಣ ಆಯ್ತು ಮಾರಾಯ್ತಿ. ಅಪ್ಪ ಕಾಣುವುದು ಬೇಡವಾ ಅವನಿಗೆ?"

ನಾಳೆ ಬೆಳಿಗ್ಗೆ ಕಣ್ಣು ತಿದ್ದುತ್ತೇನೆ.