ತಲಕಾಡು: ಮರಳಿನಡಿಯ ಊರು ನೋಡಲು ಹೊರಡುವವರಿಗೆ

ತಲಕಾಡಿಗೆ ಹೋಗುವವರಲ್ಲಿ ಬಹಳಷ್ಟು ಜನ ಲಿಂಗ ದರ್ಶನ ಮುಗಿಸಿ, ತೆಪ್ಪದಲ್ಲೊಂದು ಸುತ್ತು ಹೊಡೆದು, ಹೊಳೆ ದಡದಲ್ಲಿ ಉಂಡು ವಾಪಸ್ಸಾಗುತ್ತಾರೆ. ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಮರಳಿನಿಂದ ಅಗೆದು ತೆಗೆದ ಕಟ್ಟಡಗಳನ್ನು ನೋಡಬೇಕೆಂದೇ ಹೊರಟರೆ ಹೊತ್ತು, ದಾರಿ, ನೋಡುವ ಕ್ರಮ ಎಲ್ಲವನ್ನೂ ಸ್ವಲ್ಪ ಬೇರೆ ಥರ ಇಟ್ಟುಕೊಳ್ಳಬೇಕು.

ಮೈಸೂರಿನಿಂದ ಸುಮಾರು 45 ಕಿ.ಮೀ. ಬಸ್ಸಿನವರು ತಿ. ನರಸೀಪುರಕ್ಕೆ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದು. ಕಾರಿದ್ದರೆ ನರಸೀಪುರದ ಸಂಗಮದಲ್ಲಿ ಹತ್ತು ನಿಮಿಷ ನಿಲ್ಲಿ. ಕಾವೇರಿ, ಕಪಿಲೆ ಕೂಡುವ ಈ ದಡದಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿಯವರು 1960ರ ಆಸುಪಾಸಿನಲ್ಲಿ ಉತ್ಖನನ ಮಾಡಿಸಿದಾಗ ನವಶಿಲಾಯುಗದ ನೆಲೆಯೇ ಸಿಕ್ಕಿತು. ಹೂಳಿದ ಅಸ್ಥಿಗಳ ಜೊತೆಗೆ, ತಲೆ ಇಟ್ಟು ಮಲಗಲು ಸುಟ್ಟ ಮಣ್ಣಿನಲ್ಲಿ ಮಾಡಿದ್ದ ಆಸರೆಯೂ ಅಲ್ಲಿ ಸಿಕ್ಕಿದೆ. ಈಗ ನೆಲದ ಮೇಲೆ ಕಾಣುವಂಥದ್ದೇನೂ ಇಲ್ಲ. ಆದರೂ ಗಂಗರಿಗಿಂತ ಸಾವಿರಾರು ವರ್ಷ ಮೊದಲೇ ಈ ಹೊಳೆ ಸಾಲಿನಲ್ಲಿ ಜನ ಇದ್ದರು ಅಂತ ತಲೆಯಲ್ಲಿಟ್ಟುಕೊಂಡು ಮುಂದೆ ಹೋಗುವುದು ಒಳ್ಳೆಯದು.

ತಲಕಾಡು ಗಂಗರ ರಾಜಧಾನಿ. 11ನೇ ಶತಮಾನದ ಆರಂಭದಲ್ಲಿ ಚೋಳರು ಹಿಡಿದು ರಾಜರಾಜಪುರ ಅಂತ ಹೆಸರಿಟ್ಟರು. ಆಮೇಲೆ ಹೊಯ್ಸಳ ವಿಷ್ಣುವರ್ಧನ ಅವರಿಂದ ಕಿತ್ತುಕೊಂಡು ‘ತಲಕಾಡುಗೊಂಡ’ ಎನಿಸಿಕೊಂಡ. ಗೆಲುವಿನ ಗುರುತಿಗೆ 1117ರಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ‘ತಲಕಾಡು ಮರಳಾಗಲಿ’ ಎಂಬ ಅಲಮೇಲಮ್ಮನ ಶಾಪದಿಂದಲೇ ಊರು ಮರಳಲ್ಲಿ ಮುಚ್ಚಿತು ಎನ್ನುವ ಕಥೆ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಮರಳಿಗೆ ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಹೆಮ್ಮಿಗೆ ಬಳಿ ಮಾಧವಮಂತ್ರಿ ಕಟ್ಟೆ ಎದ್ದ ಮೇಲೆ ಹೊಳೆಯ ಹರಿವು ಬದಲಾಗಿ ಮರಳು ಬಯಲಿಗೆ ಬಿತ್ತು. ಮುಂಗಾರಿನ ನೈಋತ್ಯ ಗಾಳಿ ಅದನ್ನು ತಂದು ಊರ ಮೇಲೆ ಸುರಿಯಿತು ಎನ್ನುವುದು. ವಿಜ್ಞಾನಿ, ಲೇಖಕ ಕೆ.ಎನ್. ಗಣೇಶಯ್ಯನವರು 2007ರಲ್ಲಿ ಈ ಬಗ್ಗೆ ಒಂದು ಸಂಶೋಧನಾ ಲೇಖನವನ್ನೇ ಬರೆದರು. ನನಗಂತೂ ಶಾಪಕ್ಕಿಂತ ಕಟ್ಟೆಯ ಕಥೆಯೇ ಹೆಚ್ಚು ಮೈ ಜುಂ ಎನಿಸುತ್ತದೆ.

ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ. ಹಾದಿಯುದ್ದಕ್ಕೂ ನೀಲಗಿರಿ ಮರದ ನೆರಳಿದ್ದರೂ ಬಿಸಿಲೇರಿದ ಮೇಲೆ ಬಯಲಿನ ಮರಳು ತುಳಿಯಲಾಗುವುದಿಲ್ಲ. ‘ಚಪ್ಲಿ ಬುಟ್ಟು ಹೋಗದಾದ್ರೆ ಈಗ್ಲೇ ಹೋಗ್ಬನ್ನಿ ಸಾ, ಆಮ್ಯಾಕೆ ಕಾಲು ಸುಟ್ಟೋಯ್ತದೆ’ ಎಂದು ಹೂ ಮಾರುವ ಅಜ್ಜಿ ಹೇಳಿದ ಮಾತು ವ್ಯಾಪಾರಕ್ಕಲ್ಲ, ನಿಜಕ್ಕೇ ಹೇಳಿದ್ದು. ಒಂದು ಜೊತೆ ಹಳೆ ಕಾಲುಚೀಲ ಬ್ಯಾಗಿನಲ್ಲಿರಲಿ. ವಯಸ್ಸಾದವರಿದ್ದರೆ ಮರಳಿನಲ್ಲಿ ಹತ್ತಿಳಿಯುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ, ನಿಧಾನಕ್ಕೆ ಕರೆದುಕೊಂಡು ಹೋಗಿ.

ಕ್ರಮದ ವಿಷಯದಲ್ಲಿ ನನ್ನ ಸಲಹೆ: ಹತ್ತಿರದ್ದನ್ನು ಮೊದಲು ನೋಡುವ ಆಸೆ ಬಿಟ್ಟು ನೇರ ಕೀರ್ತಿನಾರಾಯಣನಿಗೇ ನಡೆಯಿರಿ, ಮಿಕ್ಕಿದ್ದು ವಾಪಸ್ ಬರುವಾಗ. 1990ರ ದಶಕದ ಆರಂಭದಲ್ಲಿ ರಾಜ್ಯ ಪುರಾತತ್ವ ಇಲಾಖೆ ತಲಕಾಡಿನಲ್ಲಿ ಉತ್ಖನನ ನಡೆಸಿತ್ತು. ಅಗೆದ ಜಾಗದ ಅಳತೆ ಚೆನ್ನಾಗಿ ಅರ್ಥವಾಗುವುದು ಇಲ್ಲೇ. ಗುಡಿಯ ಅಂಗಳಕ್ಕೆ ಇಳಿಯುವ ಮೊದಲು ಮೇಲಿನ ದಿಣ್ಣೆಯ ಅಂಚಿನಲ್ಲಿ ಒಂದು ನಿಮಿಷ ನಿಲ್ಲಿ. ನಿಮ್ಮ ಕಾಲಡಿಯ ಮರಳು ಒಂದು ಕಾಲಕ್ಕೆ ಆ ಗುಡಿಯ ಮೇಲೂ ಇತ್ತು. ಆಮೇಲೆ ಇಳಿದು ಗೋಡೆಯನ್ನು ಬುಡದಿಂದ ನೋಡಿಕೊಂಡು ಬನ್ನಿ. ನಕ್ಷತ್ರಾಕಾರದ ಜಗತಿ (ಗುಡಿ ನಿಂತಿರುವ ಎತ್ತರದ ಕಟ್ಟೆ), ಅದರ ಮೇಲೆ ಹೆಚ್ಚು ಕೆತ್ತನೆಯಿಲ್ಲದ ಗೋಡೆ. ದುರಸ್ತಿಯಲ್ಲಿ ಹೊಸದಾಗಿ ಕೂರಿಸಿದ ಕಲ್ಲು ಯಾವುದು, ಹಳೆಯದು ಯಾವುದು ಅಂತ ಹುಡುಕುವುದು ನನ್ನ ಇಷ್ಟದ ಕೆಲಸ; ಹೊಸದರ ಅಂಚು ಚೂಪು, ಹಳೆಯದರ ಮೂಲೆ ಸವೆದು ದುಂಡಗಾಗಿದೆ. ಬೆರಳಾಡಿಸಬೇಡಿ, ಕಣ್ಣಿಗೇ ಗೊತ್ತಾಗುತ್ತದೆ. ಒಳಗೆ ಕತ್ತಲೆ. ಎತ್ತರದ ವಿಗ್ರಹ ಸರಿಯಾಗಿ ಕಾಣಬೇಕಾದರೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು.

ವಾಪಸ್ ಬರುವಾಗ ಮರಳೇಶ್ವರ, ಪಾತಾಳೇಶ್ವರ. ಪಾತಾಳೇಶ್ವರ ಹೆಸರಿಗೆ ತಕ್ಕಂತೆ ಹಳ್ಳದೊಳಗಿದೆ. ಮೆಟ್ಟಿಲಿಳಿದು ತಿರುಗಿ ನೋಡಿದರೆ ಮರಗಳ ಬುಡ ನಿಮ್ಮ ತಲೆಗಿಂತ ಮೇಲಿರುತ್ತದೆ. ಸುತ್ತ ಒತ್ತುಗೋಡೆ ಕಟ್ಟಿದ್ದಾರೆ. ಆದರೂ ಗಾಳಿ ಬಂದರೆ ಮೆಟ್ಟಿಲ ಮೂಲೆಯಲ್ಲಿ ಹಿಟ್ಟು ಜರಡಿ ಹಿಡಿದಂತೆ ಮರಳು ಸಣ್ಣಗೆ ಉದುರುತ್ತಿರುತ್ತದೆ. ಇದನ್ನು ನಿತ್ಯ ಗುಡಿಸುವವರಿಗೆ ಕೆಲಸ ಮುಗಿಯುವುದೇ ಇಲ್ಲ. ಲಿಂಗ ದಿನಕ್ಕೆ ಮೂರು ಬಣ್ಣ ತಾಳುತ್ತದೆ ಎನ್ನುವ ನಂಬಿಕೆ ಇದೆ. ಅರ್ಚಕರನ್ನು ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ವೈದ್ಯೇಶ್ವರನನ್ನು ಕೊನೆಗಿಡಿ. ದ್ವಾರಪಾಲಕರ ಆಳೆತ್ತರ ಮೀರಿದ ಮೂರ್ತಿಗಳು, ಕಲ್ಲಿನಲ್ಲೇ ಕಡೆದ ಸರಪಳಿ ನೋಡದೆ ಬರಬೇಡಿ. ಅರ್ಕೇಶ್ವರ ವಿಜಯಾಪುರದಲ್ಲಿ, ಮಲ್ಲಿಕಾರ್ಜುನ ಮುಡುಕುತೊರೆ ಬೆಟ್ಟದ ಮೇಲೆ. ಇವೆರಡಕ್ಕೂ ಗಾಡಿ ಬೇಕು. ಈ ಐದೂ ಶಿವನ ಗುಡಿಗಳಿಗೆ ಜನ ಸೇರುವ ಪಂಚಲಿಂಗ ದರ್ಶನದ ವರ್ಷ (ಹಿಂದೆ 2013, 2020ರಲ್ಲಿ ನಡೆದಿತ್ತು) ಆ ದಿನಗಳಲ್ಲಿ ಕಟ್ಟಡ ನೋಡುವ ಆಸೆ ಇಟ್ಟುಕೊಳ್ಳಬೇಡಿ, ಸಾಲಿನಲ್ಲಿ ಮುಂದಿನವರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಹೊಳೆಗೆ ಇಳಿಯುವವರಿಗೊಂದು ಮಾತು. ದಡ ಮೆತ್ತಗೆ, ನೀರು ಮೊಳಕಾಲುದ್ದ ಅಂತ ಕಂಡರೂ ಎರಡು ಹೆಜ್ಜೆ ಮುಂದೆ ಮಡುವಿರುತ್ತದೆ. ಈಜು ಬಂದರೂ ನಂಬಬೇಡಿ, ಮಕ್ಕಳ ಕೈ ಬಿಡಬೇಡಿ.

ಹೊತ್ತಿದ್ದರೆ ವಾಪಸ್ಸಾಗುವಾಗ ಸೋಮನಾಥಪುರ ಸೇರಿಸಿಕೊಳ್ಳಿ, ಶಿವನಸಮುದ್ರ ಬೇಡ; ಅದಕ್ಕೆ ಇನ್ನೊಂದು ದಿನ ಕೊಡಿ. ಸೋಮನಾಥಪುರದ್ದೂ ಹೊಯ್ಸಳ ಗುಡಿಯೇ, ಆದರೆ 13ನೇ ಶತಮಾನದ್ದು. ಕೀರ್ತಿನಾರಾಯಣನ ಬೋಳು ಗೋಡೆ ಕಣ್ಣಲ್ಲಿರುವಾಗಲೇ ಅಲ್ಲಿನ ಇಂಚಿಂಚೂ ಬಿಡದ ಕೆತ್ತನೆ ನೋಡಿದರೆ ಸುಮಾರು ನೂರೈವತ್ತು ವರ್ಷದಲ್ಲಿ ಆ ಶಿಲ್ಪಿಗಳ ಕೈ ಎಲ್ಲಿಂದ ಎಲ್ಲಿಗೆ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಟಿಕೆಟ್ ಇದೆ, ಸಂಜೆ ಬಾಗಿಲು ಹಾಕುವ ಮೊದಲೇ ತಲುಪಿಕೊಳ್ಳಿ.