ಹಕ್ಕಿಲ್ಲ ಅಂದ್ಮೇಲೆ ಸಹಿ ಯಾಕೆ ಬೇಕು?

ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ನಾನು ಪಿಎಲ್‌ವಿ. ಐಡಿ ಕಾರ್ಡಿನಲ್ಲಿ ಅರೆ ಕಾನೂನು ಸ್ವಯಂಸೇವಕಿ ಅಂತ ಇದೆ. ವಕೀಲೆ ಅಲ್ಲ, ಕರಿ ಕೋಟು ಹಾಕುವುದಿಲ್ಲ. ಕಚೇರಿ ಅಂದರೆ ಹೆದರುವವರ ಜೊತೆ ಹೋಗುವುದು, ಅರ್ಜಿ ಬರೆದುಕೊಡುವುದು, ಯಾವ ತೊಂದರೆಗೆ ಯಾರನ್ನು ಕೇಳಬೇಕು ಅಂತ ತಿಳಿಸುವುದು ನನ್ನ ಕೆಲಸ. ಹಳ್ಳಿಗಳಲ್ಲಿ ಕಾನೂನು ಅರಿವು ಶಿಬಿರ ನಡೆದಾಗ ಜನರನ್ನು ಸೇರಿಸುವ ಜವಾಬ್ದಾರಿಯೂ ನಮ್ಮದೇ.

ನವೆಂಬರ್ ಬಂತೆಂದರೆ ಶಿಬಿರಗಳು ಜಾಸ್ತಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಆಗಿದ್ದು 1987ರಲ್ಲಿ, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಆ ದಿನವನ್ನೇ ಕಾನೂನು ಸೇವೆಗಳ ದಿನ ಅಂತ ದೇಶದಲ್ಲೆಲ್ಲ ಆಚರಿಸುತ್ತಾರೆ. ನಾನು ಈಗ ಹೇಳುವ ಶಿಬಿರವೂ ಒಂದು ನವೆಂಬರಿನದ್ದು. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಊರಿನ, ಮನೆಯವರ ಗುರುತು ಸಿಗದಿರಲಿ ಅಂತ ಹೆಸರು ಬರೆಯುವುದಿಲ್ಲ. ರಾಗಿ ಕೊಯ್ಲು ಶುರುವಾಗಿತ್ತು. ಕೂಲಿ ಬಿಟ್ಟು ಬನ್ನಿ ಅಂತ ಯಾರನ್ನು ಕರೆಯುವುದು? ಸಂಜೆ 4 ಗಂಟೆಯ ಮೇಲೆ ಇಟ್ಟುಕೊಂಡೆವು. ಶಾಲೆಯ ಜಗಲಿ ತುಂಬಿತು. ಸ್ತ್ರೀಶಕ್ತಿ ಸಂಘದವರು, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಹಿಂದೆ ಗೋಡೆಗೆ ಒರಗಿ ನಿಂತ ಗಂಡಸರು.

ಸ್ವಾಗತ, ಪ್ರಾರ್ಥನೆ ಆಯಿತು. ನಮ್ಮ ಪ್ಯಾನೆಲ್ ವಕೀಲರು, ಅಂದರೆ ಸಮಿತಿಯ ಪಟ್ಟಿಯಲ್ಲಿರುವ ವಕೀಲರು, ಮಾತಾಡಿದರು. ಅವರೂ ಹೆಣ್ಣುಮಗಳೇ, ಹಳ್ಳಿಯಲ್ಲೇ ಬೆಳೆದವರು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರವೇ ವಕೀಲರನ್ನು ಕೊಡುತ್ತದೆ ಅಂದರು. 15100ಕ್ಕೆ ಫೋನ್ ಮಾಡಿದರೂ ಸಾಕು ಅಂತ ನಂಬರನ್ನು ಎಲ್ಲರಿಂದ ಜೋರಾಗಿ ಹೇಳಿಸಿದರು. "ಪುಕ್ಕಟೆ ವಕೀಲರು ಸರಿಯಾಗಿ ನೋಡ್ತಾರಾ ಮೇಡಂ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸರಿಯಾಗಿ ನೋಡದಿದ್ದರೆ ಸಮಿತಿಗೆ ದೂರು ಕೊಡಿ, ಬೇರೆಯವರನ್ನು ಕೊಡಿ ಅಂತ ಕೇಳಿ ಅಂದರು. ಒಬ್ಬಾಕೆ ಮೈಕ್ರೋಫೈನಾನ್ಸ್ ಕಂತಿನವರು ಮನೆ ಮುಂದೆ ಕೂರುವ ಬಗ್ಗೆ ಕೇಳಿದರು. ಹಾಗೆ ಕಿರುಕುಳ ಕೊಡುವುದನ್ನು ತಡೆಯಲು 2025ರಲ್ಲಿ ರಾಜ್ಯದಲ್ಲಿ ಕಾನೂನು ಬಂದಿದೆ ಅಂತ ಉತ್ತರ ಸಿಕ್ಕಿತು. ದೂರು ಕೊಟ್ಟವರಿಗೆ ಎಫ್ಐಆರ್ ಪ್ರತಿ ಬಿಟ್ಟಿಯಾಗಿ ಕೊಡಲೇಬೇಕು ಅನ್ನುವ ಮಾತಿಗೆ ಗಂಡಸರ ಕಡೆಯಿಂದ ಗುಸುಗುಸು. ಇಷ್ಟಕ್ಕೆ ಕಾರ್ಯಕ್ರಮ ಮುಗಿಯಿತು, ಫೋಟೋ ತೆಗೆದೆವು.

ಟೀ ಕೊಡುವಾಗ ಐವತ್ತು ದಾಟಿದ ಒಬ್ಬ ಹೆಂಗಸು ನನ್ನ ಪಕ್ಕ ಬಂದರು. ಸೆರಗಿನೊಳಗೆ ಮಡಚಿದ ಕಾಗದ. "ಮೇಡಂ, ಇದೇನು ಅಂತ ಒಂಚೂರು ಓದಿ ಹೇಳಿ. ಸೋಮವಾರ ರಿಜಿಸ್ಟ್ರಾರ್ ಆಫೀಸ್ ತಾವ ಬಾ ಅಂದವ್ರೆ." ನೋಡಿದರೆ ಹಕ್ಕು ಬಿಡುಗಡೆ ಪತ್ರದ ಕರಡು, ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಅಂತ ಬರೆದುಕೊಡುವ ಪತ್ರ. ಪಕ್ಕದೂರಿನ ತವರುಮನೆಯದು. ತಾತನ ಕಾಲದಿಂದ ಬಂದ ನಾಲ್ಕು ಎಕರೆ. ಅಪ್ಪ ತೀರಿಕೊಂಡಿದ್ದಾರೆ, ವಿಲ್ ಇಲ್ಲ. ಇರುವುದು ಅಮ್ಮ, ಈ ಅಕ್ಕ, ಒಬ್ಬ ತಮ್ಮ.

"ನಂದು 91ರಲ್ಲಿ ಮದುವೆ. 94ಕ್ಕೆ ಮುಂಚೆ ಮದುವೆ ಆದೋರಿಗೆ ಭಾಗ ಇಲ್ವಂತೆ. ಪತ್ರ ಬರೆಯೋರು ಹೇಳಿದ್ರು. ಸುಮ್ನೆ ಒಂದು ಸಹಿ ಅಷ್ಟೇ ಅಂತೆ."

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಅಜ್ಜಿಯೊಬ್ಬರು ತಟ್ಟನೆ ಕೇಳಿದರು. "ಹಕ್ಕಿಲ್ಲ ಅಂದ್ಮೇಲೆ ಇವಳ ಸಹಿ ಯಾಕೆ ಬೇಕಂತೆ?"

ಇಡೀ ಶಿಬಿರದಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ವಕೀಲರು ಟೀ ಲೋಟ ಕೆಳಗಿಟ್ಟು ಅಲ್ಲೇ ಚಾಪೆಯ ಮೇಲೆ ಕೂತರು. ಹೊರಟಿದ್ದ ಹೆಂಗಸರೂ ವಾಪಸ್ ಬಂದು ಕೂತರು.

94ರ ಮಾತು ಪೂರ್ತಿ ಸುಳ್ಳಲ್ಲ. ಇಡೀ ದೇಶಕ್ಕೆ ಒಂದೇ ಕಾನೂನು ಬರುವ ಮೊದಲೇ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಆಮೇಲೆ ಕೇಂದ್ರದ ತಿದ್ದುಪಡಿ ಬಂತು, 2005ರ ಸೆಪ್ಟೆಂಬರ್ 9ರಿಂದ. ಅದರಲ್ಲಿ ಮದುವೆಯಾದವಳು, ಆಗದವಳು ಅನ್ನುವ ಭೇದವೇ ಇಲ್ಲ. ಹುಟ್ಟಿನಿಂದಲೇ ಮಗನಿಗಿರುವ ಹಕ್ಕು ಮಗಳಿಗೂ ಇದೆ. ಹಳೆಯ ಕಾನೂನಿನ ಮಾತು ಮಾತ್ರ ಇವತ್ತಿಗೂ ಊರಿಂದೂರಿಗೆ ಓಡಾಡುತ್ತಿದೆ. ಯಾರಿಗೆ ಅನುಕೂಲವೋ ಅವರು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಅಂತ ನನಗನಿಸುತ್ತದೆ.

"ನಮ್ಮಪ್ಪ 2001ರಲ್ಲೇ ಹೋದ್ರು. ನನಗೂ ಇದೆಯಾ?" ಅಂತ ಇನ್ನೊಬ್ಬರು ಕೇಳಿದರು. ಕಾನೂನು ಬಂದ ದಿನ ಅಪ್ಪ ಬದುಕಿರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಅವರ ಕೇಸಿನಲ್ಲಿ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಭಾಗವಾಗಿ ರಿಜಿಸ್ಟರ್ ಆಗಿದ್ದರೆ, ಅಥವಾ ಆಸ್ತಿ ಮಾರಿಯಾಗಿದ್ದರೆ ಅದನ್ನು ಮತ್ತೆ ತೆರೆಯುವ ಹಾಗಿಲ್ಲ. "ನಿಮ್ಮದರ ಹಳೇ ಪಹಣಿ, ಮ್ಯುಟೇಶನ್ ಪ್ರತಿ ತಗೊಂಡು ಬನ್ನಿ, ನೋಡದೆ ಹೇಳಲ್ಲ" ಅಂದರು ವಕೀಲರು. ಹಾಗೆ ನೋಡದೆ ಹೇಳಲ್ಲ ಅನ್ನುವವರು ನನಗೆ ಇಷ್ಟ. ಎಲ್ಲದಕ್ಕೂ ಆಗುತ್ತೆ ಬಿಡಿ ಅನ್ನುವವರಿಂದಲೇ ಜಾಸ್ತಿ ಮನೆ ಹಾಳಾಗಿರುವುದು.

ಆಮೇಲೆ ಪತ್ರವನ್ನು ನಾನು ಒಂದೊಂದೇ ಸಾಲಾಗಿ ಜೋರಾಗಿ ಓದಿದೆ. ಅರಿಶಿನ ಕುಂಕುಮಕ್ಕೆ ಅಂತ ಹಣ ಪಡೆದಿದ್ದೇನೆ ಅನ್ನುವ ಸಾಲು ಬಂತು. "ಎಲ್ಲಿ ಕೊಟ್ರು?" ಅಂದರು ಅಕ್ಕ. ಯಾರ ಒತ್ತಾಯವೂ ಇಲ್ಲದೆ, ಓದಿಸಿ ಕೇಳಿ ತಿಳಿದು ಒಪ್ಪಿದ್ದೇನೆ ಅನ್ನುವ ಸಾಲೂ ಇತ್ತು. ಅವರಿಗೆ ಅದನ್ನು ಓದಿ ಹೇಳಿದ್ದು ಅದೇ ಮೊದಲು. ಇಷ್ಟಾದರೂ ಅಕ್ಕನಿಗೆ ಸಿಟ್ಟು ಬರಲಿಲ್ಲ. "ಹೋಗ್ಲಿ ಬಿಡಿ. ಹಬ್ಬಕ್ಕೆ ಕರೀತಾನೆ, ತವರು ಅಂತ ಒಂದು ಇರ್ಲಿ" ಅಂದರು. ಇದನ್ನು ದಡ್ಡತನ ಅನ್ನಲು ನನಗೆ ಮನಸ್ಸಿಲ್ಲ. ಗಂಡನ ಮನೆಯಲ್ಲಿ ಕಷ್ಟ ಬಂದಾಗ ಹೋಗಿ ನಿಲ್ಲಲು ಒಂದು ಬಾಗಿಲು ಬೇಕು ಅನ್ನುವ ಲೆಕ್ಕ ಅದು.

ಕೊನೆಯ ಪುಟದಲ್ಲಿ ಸಹಿ ಮಾಡುವವರ ಹೆಸರು. ಒಂದನೆಯದು ಅಕ್ಕನದು. ಎರಡನೆಯದು ಅವರ ಅಮ್ಮನದು.

"ಅಮ್ಮಂದೂ ಬರೆಸ್ಕೊಂಡವ್ರಾ?" ಅಕ್ಕನ ದನಿ ಬೇರೆಯೇ ಆಯಿತು. ಅಮ್ಮನಿಗೆ ಎಪ್ಪತ್ತೈದರ ಹತ್ತಿರ. ಇರುವುದು ಮಗನ ಮನೆಯಲ್ಲೇ. ಗಂಡನ ಪಾಲಿನಲ್ಲಿ ಹೆಂಡತಿಗೂ ಭಾಗ ಇದೆ ಅಂತ ಆ ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಹೆಬ್ಬೆಟ್ಟು ಒತ್ತಿಬಿಟ್ಟರೆ ಅವರ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ.

ವಕೀಲರು ನಿಧಾನವಾಗಿ ವಿವರಿಸಿದರು. ರಿಜಿಸ್ಟರ್ ಆದ ಪತ್ರವನ್ನು ರದ್ದು ಮಾಡಿಸುವುದು ಸುಲಭವಲ್ಲ. ಮೋಸ ಗೊತ್ತಾದ 3 ವರ್ಷದೊಳಗೆ ದಾವೆ ಹಾಕಬೇಕು, ಮೋಸ ಆಗಿದೆ ಅಂತ ತೋರಿಸುವ ಭಾರವೂ ನಮ್ಮ ಮೇಲೆಯೇ. ಅಮ್ಮ ಮಗನಿಗೆ ಬರೆದುಕೊಡಲೇಬೇಕು ಅಂತಿದ್ದರೆ, ತನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆಗ ಮಗ ನೋಡಿಕೊಳ್ಳದಿದ್ದರೆ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಿ ಆ ಪತ್ರವನ್ನೇ ರದ್ದು ಮಾಡಿ ಅಂತ ಕೇಳಬಹುದು. ಬಾಯಿ ಮಾತನ್ನು ನಂಬಿ ಕೂತರೆ ಕಷ್ಟ.

"ಸೋಮವಾರ ಹೋಗ್ಲೇಬೇಕಾ?" ಅಂದರು ಅಕ್ಕ. ಬೇಕಿಲ್ಲ, ಇನ್ನೂ ಯೋಚನೆ ಮಾಡ್ತೀನಿ ಅಂತ ಹೇಳುವುದು ಅಪರಾಧ ಅಲ್ಲ ಅಂದೆ. ಅವರು ಸೋಮವಾರ ಹೋಗಲಿಲ್ಲ. ಬುಧವಾರ ನನ್ನ ಜೊತೆ ತಾಲ್ಲೂಕು ಕೋರ್ಟಿನ ಆವರಣಕ್ಕೆ ಬಂದರು. ಬಿಳಿ ಹಾಳೆಯಲ್ಲಿ ಅರ್ಜಿ ಬರೆದೆವು. ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕೂರಿಸಿ ಮಾತಾಡಿಸಿ ಅಂತ. ಇದನ್ನು ವ್ಯಾಜ್ಯಪೂರ್ವ ಅರ್ಜಿ ಅಂತ ಕರೆಯುತ್ತಾರೆ. ದುಡ್ಡು ಕಟ್ಟುವುದಿಲ್ಲ.

ತಮ್ಮನಿಗೆ ನೋಟಿಸ್ ಹೋದಾಗ ಕೂಗಾಡಿದರಂತೆ. ಅಕ್ಕ ಕೋರ್ಟಿಗೆ ಎಳೆದಳು ಅಂತ ಊರೆಲ್ಲ ಹೇಳಿದರು. ಆ ಸಲ ಸಂಕ್ರಾಂತಿಗೆ ಕರೆಯಲಿಲ್ಲ. ಅಕ್ಕ ನನಗೆ ಫೋನ್ ಮಾಡಿ ಅತ್ತರು. ಕಾನೂನು ತಿಳಿಸುವವರು ಈ ಭಾಗವನ್ನೂ ತಿಳಿಸಬೇಕು. ಹಕ್ಕು ಕೇಳಿದವರಿಗೆ ಸಂಬಂಧದಲ್ಲಿ ಪೆಟ್ಟು ಬೀಳುತ್ತದೆ, ಆಗ ಪಕ್ಕದಲ್ಲಿ ಯಾರಾದರೂ ಇರಬೇಕು. ಶಿಬಿರ ಮುಗಿಸಿ ಜೀಪು ಹತ್ತಿ ಹೊರಟುಬಿಟ್ಟರೆ ಆಗುವುದಿಲ್ಲ.

ಮಾತುಕತೆ ಒಂದೇ ಸಲಕ್ಕೆ ಮುಗಿಯಲಿಲ್ಲ. ತಮ್ಮನೂ ಕೆಟ್ಟವರೇನಲ್ಲ. ಬೋರ್‌ವೆಲ್ ಸಾಲ ಇತ್ತು, ಪಹಣಿ ಒಬ್ಬರ ಹೆಸರಲ್ಲಿ ಇದ್ದರೆ ಬ್ಯಾಂಕಿನಲ್ಲಿ ಸಲೀಸು ಅಂತ ಯಾರೋ ಹೇಳಿದ್ದರು. ಪತ್ರದಲ್ಲಿ ಅಮ್ಮನ ಹೆಸರು ಯಾಕೆ ಬಂತು ಅಂತ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ಅವರ ಮುಂದೆಯೂ ಜೋರಾಗಿ ಓದಿದೆವು. ಕೊನೆಗೆ ಅಮ್ಮನ ಭಾಗ ಅಮ್ಮನ ಹೆಸರಿನಲ್ಲೇ ಇರಲಿ ಅಂತ ಆಯಿತು. ಅಕ್ಕ ಹುಣಸೆ ಮರ ಇರುವ ಅರ್ಧ ಎಕರೆ ಖುಷ್ಕಿ ಸಾಕು ಅಂದರು. ಅವರಿಗೆ ಬರಬೇಕಾದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ವಕೀಲರು ಪೂರ್ತಿ ಪಾಲಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. ನನಗಂತೂ ಇನ್ನಷ್ಟು ಕೇಳಲಿ ಅಂತಲೇ ಇತ್ತು. ಅಕ್ಕ ಲೆಕ್ಕ ನೋಡಿ, ಅರ್ಥ ಮಾಡಿಕೊಂಡು, "ಗೊತ್ತಾಯ್ತು. ನನಗೆ ಇಷ್ಟು ಸಾಕು" ಅಂದರು. ಗೊತ್ತಿದ್ದು ಬಿಟ್ಟುಕೊಡುವುದು ಅವರ ಹಕ್ಕು. ನಾನು ಒತ್ತಾಯ ಮಾಡಲಿಲ್ಲ.

ಈಗ ನಾವು ಶಿಬಿರದ ಕರಪತ್ರದಲ್ಲಿ ಒಂದು ಸಾಲು ಸೇರಿಸಿದ್ದೇವೆ. ಮನೆಯಲ್ಲಿರುವ ಯಾವುದೇ ಅರ್ಥವಾಗದ ಕಾಗದ ತನ್ನಿ ಅಂತ. ಭಾಷಣ ಅರ್ಧ ಗಂಟೆ, ಉಳಿದ ಹೊತ್ತೆಲ್ಲ ಕಾಗದ ಓದುವುದು. ಸಾಲದ ಪತ್ರ, ಪೌತಿ ಖಾತೆಯ ಅರ್ಜಿ, ಕೋರ್ಟ್ ನೋಟಿಸ್, ವಿಮೆಯ ಬಾಂಡು, ಏನೇನೋ ಬರುತ್ತವೆ. ಜನ ಜಾಸ್ತಿ ಬರುತ್ತಿದ್ದಾರೆ, ಗಂಡಸರೂ ಮುಂದೆ ಬಂದು ಕೂರುತ್ತಿದ್ದಾರೆ. ಆದರೆ ಸಹಿ ಬೀಳುವುದು ಶಾಲೆಯ ಜಗಲಿಯಲ್ಲಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಲ್ಲೇ ಬಾಗಿಲ ಹತ್ತಿರ ಒಂದು ಟೇಬಲ್ ಹಾಕಿ, ಸಹಿ ಮಾಡುವ ಮುಂಚೆ ಕೇಳಿದವರಿಗೆ ಪತ್ರ ಓದಿ ಹೇಳಲು ಪಿಎಲ್‌ವಿಗಳನ್ನು ಕೂರಿಸಿ ಅಂತ ಸಮಿತಿಗೆ ಬರೆದುಕೊಟ್ಟಿದ್ದೇನೆ. ವಾರಕ್ಕೆ ಎರಡು ದಿನ ನಾನು ಕೂರುತ್ತೇನೆ ಅಂತಲೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.