ಚಿಕ್ಕಮ್ಮನ ವಾಲ್ವ್ ಮತ್ತು ಒಂದು ರಿಂಗ್

ಚಿಕ್ಕಮ್ಮನಿಗೆ ಹಾರ್ಟ್ ಆಪರೇಷನ್ ಆಯಿತು ಅಂದರೆ ಸಾಕು, ಫೋನ್ ಮಾಡಿದವರೆಲ್ಲ "ಸ್ಟೆಂಟಾ, ಬೈಪಾಸಾ?" ಅಂತಲೇ ಕೇಳುತ್ತಾರೆ. ಎರಡೂ ಅಲ್ಲ. ಅವರ ರಕ್ತನಾಳಗಳು ಚೆನ್ನಾಗಿವೆ, ಸೋರುತ್ತಿದ್ದದ್ದು ಮೈಟ್ರಲ್ ವಾಲ್ವ್. ಅದನ್ನು ರಿಪೇರಿ ಮಾಡಿ, ಸುತ್ತಲೂ ಒಂದು ರಿಂಗ್ ಹೊಲಿದಿದ್ದಾರೆ. ಎಲ್ಲರಿಗೂ ಹೇಳಿ ಹೇಳಿ ಸುಸ್ತಾಗಿದೆ, ಇಲ್ಲೇ ಬರೆದುಬಿಡುತ್ತೇನೆ.

ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಎರಡು ಕದದ ಬಾಗಿಲಿನ ಹಾಗೆ ಈ ವಾಲ್ವ್ ಇರುತ್ತದೆ. ಹೃದಯ ಹಿಂಡಿದಾಗ ಅದು ಗಟ್ಟಿಯಾಗಿ ಮುಚ್ಚಬೇಕು. ಚೌಕಟ್ಟು ಹಿಗ್ಗಿದರೆ ಕದಗಳು ಕೂಡುವುದಿಲ್ಲ, ಕದ ಹಿಡಿದಿರುವ ಎಳೆ ತುಂಡಾದರೆ ಕದವೇ ಹಿಂದಕ್ಕೆ ಮಗುಚುತ್ತದೆ. ಚಿಕ್ಕಮ್ಮನಿಗೆ ಎರಡೂ ಆಗಿತ್ತು. ರಕ್ತ ವಾಪಸ್ ಶ್ವಾಸಕೋಶದ ಕಡೆ ಒತ್ತುತ್ತಿತ್ತು, ಅದಕ್ಕೇ ಮಲಗಿದರೆ ಉಸಿರು ಕಟ್ಟುತ್ತಿದ್ದದ್ದು.

ಹಿಗ್ಗಿದ ಚೌಕಟ್ಟನ್ನು ಸರಿಮಾಡಲು ಹಾಕುವ ಈ ರಿಂಗ್ ತಂದವರು ಪ್ಯಾರಿಸ್‌ನ ಸರ್ಜನ್ ಅಲೆನ್ ಕಾರ್ಪೆಂಟಿಯೆ, 1960ರ ದಶಕದ ಕೊನೆಯಲ್ಲಿ. ಅದಕ್ಕೂ ಮೊದಲು ಹಿಗ್ಗಿದ ಚೌಕಟ್ಟನ್ನು ಬರೀ ಹೊಲಿಗೆ ಹಾಕಿ ಬಿಗಿ ಮಾಡುತ್ತಿದ್ದರು. ಸುಮ್ನೆ ಚಿಕ್ಕದು ಮಾಡಿದರೆ ಸಾಲದು, ಅದರ ಮೂಲ ಆಕಾರ ವಾಪಸ್ ಬರಬೇಕು ಅನ್ನುವುದು ಕಾರ್ಪೆಂಟಿಯೆ ಅವರ ವಾದ. ಹಂದಿಯ ವಾಲ್ವನ್ನು ಹದಮಾಡಿ ಮನುಷ್ಯರಿಗೆ ಹಾಕುವ ದಾರಿ ತೋರಿಸಿದವರಲ್ಲೂ ಇವರೇ ಮುಖ್ಯರು, ಆದರೂ ಆಗುವಷ್ಟು ಮಟ್ಟಿಗೆ ರಿಪೇರಿಯೇ ಮಾಡಿ ಅಂದರು. ನನಗೆ ಇದು ಬಹಳ ಇಷ್ಟವಾಯಿತು.

ರಿಂಗ್ ಒಂದೇ ರಿಪೇರಿ ಅಲ್ಲ. ಹೃದಯ ನಿಲ್ಲಿಸಿ, ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್ ಲಂಗ್ ಮೆಷಿನ್ ಮೇಲೆ ಇಟ್ಟು, ಮೊದಲು ಕದದ ಕೆಟ್ಟ ಭಾಗ ಸರಿಮಾಡುತ್ತಾರೆ. ಆಮೇಲೆ ಅಳತೆ ನೋಡಿ, ಬಟ್ಟೆ ಸುತ್ತಿದ ರಿಂಗನ್ನು ಸುತ್ತಲೂ ಹೊಲಿಯುತ್ತಾರೆ. ಒಳಗೆ ಸಲೈನ್ ತುಂಬಿಸಿ ಸೋರುತ್ತದಾ ನೋಡುತ್ತಾರೆ, ಹೃದಯ ಮತ್ತೆ ಬಡಿಯಲು ಶುರುವಾದ ಮೇಲೆ ಅನ್ನನಾಳದ ಮೂಲಕ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡುತ್ತಾರೆ. ಆಗಲೂ ಜಾಸ್ತಿ ಸೋರಿದರೆ ಹೃದಯವನ್ನು ಇನ್ನೊಮ್ಮೆ ನಿಲ್ಲಿಸಬೇಕಾಗಬಹುದು.

ಇಷ್ಟೆಲ್ಲ ಕಷ್ಟ ಯಾಕೆ, ಹೊಸ ವಾಲ್ವ್ ಹಾಕಿದರೆ ಆಗಲ್ವಾ? ಲೋಹದ ವಾಲ್ವ್ ಹಾಕಿದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಟೆಸ್ಟ್ ಮತ್ತೆ ಮತ್ತೆ. ಹಂದಿ, ದನದ ಅಂಗಾಂಶದ್ದಾದರೆ ವರ್ಷಗಳು ಕಳೆದಂತೆ ಸವೆಯುತ್ತದೆ. ರಿಂಗ್ ಹಾಕಿದವರಿಗೆ, ಬೇರೆ ಕಾರಣ ಇಲ್ಲದಿದ್ದರೆ, ಆ ಮಾತ್ರೆ ಸಾಮಾನ್ಯವಾಗಿ ಕೆಲವು ತಿಂಗಳು ಅಷ್ಟೇ. ಆದರೆ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಿಂದ ಕೆಟ್ಟ ವಾಲ್ವ್ ದಪ್ಪವಾಗಿ ಅಂಟಿಕೊಂಡಿರುತ್ತದೆ, ರಿಪೇರಿ ಕಷ್ಟ. ನಮ್ಮ ದೇಶದಲ್ಲಿ ಅಂಥವರೇ ಬಹಳ, ಅದೂ ಚಿಕ್ಕ ವಯಸ್ಸಿನವರು. ಹಾಗಾಗಿ "ನಮ್ಮವರದ್ದು ರಿಪೇರಿ ಆಗುತ್ತದಾ, ನೀವು ಎಷ್ಟು ಮಾಡಿದ್ದೀರಿ?" ಅಂತ ಸರ್ಜನ್ ಹತ್ತಿರ ಮುಲಾಜಿಲ್ಲದೆ ಕೇಳಿ.

ಇನ್ನೊಂದು ವಿಷಯ. ಹಲ್ಲು ಕೀಳಿಸುವ ಮುಂಚೆ ರಿಂಗ್ ಇದೆ ಅಂತ ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು, ವಾಲ್ವ್‌ಗೆ ಸೋಂಕು ತಗಲದಂತೆ ಮೊದಲೇ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಎದೆಮೂಳೆ ಕೂಡುವವರೆಗೂ ಭಾರ ಎತ್ತುವಂತಿಲ್ಲ. ನೋಡಲು ಬರುವವರು ದಯವಿಟ್ಟು ಮಗುವನ್ನು ಚಿಕ್ಕಮ್ಮನ ಕೈಗೆ ಕೊಡಬೇಡಿ, ಅವರು ಬೇಡ ಅನ್ನುವುದಿಲ್ಲ.